ಪಂಜರದೊಳಗಿನ ಚಡಪಡಿಕೆ: ಸಾಕಿದ ಹೆಣ್ಣು ಮಾಂಟಿಸ್ ಮತ್ತು ಅದರ ಮೊಟ್ಟೆಗೂಡು

ಮಾಂಟಿಸ್ ಎಂಬ ಕೀಟವನ್ನು ಸಾಕುವವರು ನನ್ನನ್ನು ಪದೇ ಪದೇ ಕೇಳುವುದು ಒಂದೇ ಪ್ರಶ್ನೆ. ಅದುವರೆಗೆ ಕಡ್ಡಿಯೊಂದಕ್ಕೆ ಅಂಟಿಕೊಂಡು ಇಡೀ ದಿನ ತೂಗಿಕೊಂಡಿರುತ್ತಿದ್ದ ಹೆಣ್ಣು ಎರಡು ದಿನಗಳಿಂದ ಪಂಜರದ ಗೋಡೆಯನ್ನು ಹತ್ತಿ ಇಳಿಯುತ್ತಲೇ ಇದೆ, ಕಾಲುಗಳಿಂದ ಜಾಲರಿಯನ್ನು ಕೆರೆಯುತ್ತಿದೆ, ಮುಂದಿಟ್ಟ ಹುಳವನ್ನು ಮುಟ್ಟದೆ ಬದಿಗೆ ಸರಿಯುತ್ತಿದೆ, ಇದಕ್ಕೆ ಏನಾಗಿದೆ? ಪ್ರಶ್ನೆಯ ಹಿಂದೆಯೇ ಊಹೆಗಳೂ ಬರುತ್ತವೆ. ಒಬ್ಬರು ಕಾಯಿಲೆ ಎನ್ನುತ್ತಾರೆ, ಇನ್ನೊಬ್ಬರು ಹಸಿವು ಎನ್ನುತ್ತಾರೆ, ಮತ್ತೊಬ್ಬರು ಅದಕ್ಕೆ ಗಂಡು ಬೇಕಾಗಿದೆ ಎನ್ನುತ್ತಾರೆ, ಕೆಲವರು ಅದಕ್ಕೆ ಪಂಜರ ಬೇಸರವಾಗಿದೆಯೆಂದು ತೀರ್ಮಾನಿಸಿ ಹೊರಗೆ ಬಿಟ್ಟೂ ಬಿಟ್ಟಿರುತ್ತಾರೆ. ಪೂರ್ಣ ರೆಕ್ಕೆ ಮೂಡಿದ ಹೆಣ್ಣಿನ ಇಂಥ ಓಡಾಟ ಬಹುಪಾಲು ಸಲ ಮೊಟ್ಟೆಗೂಡು (ಮೊಟ್ಟೆಗಳನ್ನು ಒಳಗಿಟ್ಟುಕೊಂಡ ನೊರೆಯ ಗೂಡು) ಕಟ್ಟುವುದಕ್ಕೆ ಜಾಗ ಹುಡುಕುವ ಓಡಾಟ ಎಂಬುದು ನನ್ನ ಅನುಭವ. ಓಡಾಟವನ್ನು ಮಾತ್ರ ನೋಡುತ್ತ ಕುಳಿತರೆ ಈ ಸಂಗತಿ ತಿಳಿಯುವುದಿಲ್ಲ. ಅದರ ಹೊಟ್ಟೆಯನ್ನು ನೋಡಬೇಕು, ಕೊನೆಯ ಸಲ ಪೊರೆ ಕಳಚಿದ ತಾರೀಖನ್ನು ನೋಡಬೇಕು, ಜೊತೆಗೆ ನಾವು ಅದಕ್ಕೆ ಕೊಟ್ಟಿರುವ ಜಾಗ ಎಂಥದ್ದೆಂಬುದನ್ನೂ ನೋಡಬೇಕು.

ನಮ್ಮಲ್ಲಿ ಕೆಲವರು ಸೂರ್ಯನ ಕುದುರೆ ಎಂದೂ ಕೆಲವರು ಪ್ರಾರ್ಥನಾ ಕೀಟವೆಂದೂ ಕರೆಯುವ ಈ ಕೀಟಗಳಲ್ಲಿ ಜಗತ್ತಿನಾದ್ಯಂತ 2,400ಕ್ಕೂ ಹೆಚ್ಚು ಪ್ರಭೇದಗಳಿವೆ. ನಾನು ಇಂದು ಮುಖ್ಯವಾಗಿ ಮಾತನಾಡುವುದು ಹೈರೊಡುಲಾ ಕುಲದ ದೊಡ್ಡ ಹಸಿರು ಮಾಂಟಿಸ್‌ಗಳ ಬಗ್ಗೆ. ಬೆಂಗಳೂರಿನ ಕೈತೋಟದ ದಾಸವಾಳದ ಗಿಡದಲ್ಲಿಯೂ ಮಲೆನಾಡಿನ ಬೇಲಿಗಳಲ್ಲಿಯೂ ಕಾಣಸಿಗುವ ಈ ಕುಲವನ್ನು ಯುರೋಪ್, ಅಮೆರಿಕ ಮತ್ತು ಜಪಾನಿನ ಹವ್ಯಾಸಿಗಳೂ ಬಹಳ ಕಾಲದಿಂದ ಸಾಕುತ್ತ ಬಂದಿದ್ದಾರೆ. ಹೆಣ್ಣು 7ರಿಂದ 9 ಸೆಂಟಿಮೀಟರ್ ಉದ್ದ ಬೆಳೆಯುತ್ತದೆ, ಗಟ್ಟಿಮುಟ್ಟಾಗಿರುತ್ತದೆ, ಸಾಕುವವರ ಸಣ್ಣಪುಟ್ಟ ತಪ್ಪುಗಳನ್ನು ತಡೆದುಕೊಳ್ಳುತ್ತದೆ. ದಕ್ಷಿಣ ಭಾರತದಲ್ಲಿಯೂ ಶ್ರೀಲಂಕಾದಲ್ಲಿಯೂ ಇರುವ, ಪಿಟೀಲಿನ ಆಕಾರದ ಗಾಂಗೈಲಸ್ ಅಷ್ಟು ಸುಲಭದ ಜೀವಿಯಲ್ಲ. ಅದಕ್ಕೆ ಹೆಚ್ಚು ಶಾಖ ಬೇಕು, ಹಾರುವ ಆಹಾರವೇ ಬೇಕು. ಆದರೆ ಮೊಟ್ಟೆಯಿಡುವ ಹೊತ್ತಿನ ಮೂಲ ಸಂಗತಿಗಳು ಎರಡಕ್ಕೂ ಒಂದೇ.

ನಾನು ಸಾಕಿದ ಮೊದಲ ಹೆಣ್ಣನ್ನು ಒಂದು ದೊಡ್ಡ ಗಾಜಿನ ಭರಣಿಯಲ್ಲಿ ಇಟ್ಟಿದ್ದೆ. ಬಾಯಿಗೆ ತೆಳುವಾದ ಬಟ್ಟೆ ಕಟ್ಟಿದ್ದೆ, ತಳಕ್ಕೆ ಮಣ್ಣು ಹಾಕಿದ್ದೆ, ಚೆನ್ನಾಗಿ ಕಾಣಲೆಂದು ಒಳಗೆ ಒಂದು ಎಳೆಯ ಗಿಡವನ್ನೂ ನೆಟ್ಟಿದ್ದೆ. ಒಂದು ದಿನ ಅದು ಓಡಾಡಲು ಶುರುಮಾಡಿತು. ಹಸಿವೆಂದುಕೊಂಡು ಎರಡು ಚಿಮ್ಮಂಡೆ ಬಿಟ್ಟೆ, ಮುಟ್ಟಲಿಲ್ಲ. ಮರುದಿನ ಮತ್ತೆರಡು ಬಿಟ್ಟೆ. ಮೂರನೆಯ ದಿನ ರಾತ್ರಿ ಅದು ಗಾಜಿನ ಗೋಡೆಗೇ ಅಂಟಿಕೊಂಡು ಮೊಟ್ಟೆಯಿಡಲು ತೊಡಗಿತು. ನುಣುಪಾದ ಗಾಜಿನ ಮೇಲೆ ಕಾಲು ನಿಲ್ಲದೆ ಜಾರುತ್ತ, ಮತ್ತೆ ಹತ್ತುತ್ತ, ನೊರೆಯನ್ನು ಅಲ್ಲಿ ಸ್ವಲ್ಪ ಇಲ್ಲಿ ಸ್ವಲ್ಪ ಬಳಿಯುತ್ತ ಹೋಯಿತು. ನಾನು ಬಿಟ್ಟಿದ್ದ ಚಿಮ್ಮಂಡೆಗಳು ಬೇರೆ ಅದರ ಕಾಲಿಗೆ ಅಡ್ಡ ಬರುತ್ತಿದ್ದವು. ಬೆಳಿಗ್ಗೆ ನೋಡಿದಾಗ ಆಕಾರವಿಲ್ಲದ ಒಂದು ಮುದ್ದೆ ತಳದ ಮಣ್ಣಿನ ಮೇಲೆ ಬಿದ್ದಿತ್ತು, ಹೆಣ್ಣಿನ ಹೊಟ್ಟೆ ಇನ್ನೂ ಅರ್ಧ ತುಂಬಿಯೇ ಇತ್ತು. ಹತ್ತು ದಿನಗಳ ನಂತರ ಅದು ಸತ್ತುಹೋಯಿತು. ಮೂರು ದಿನ ಅದು ಕೇಳುತ್ತಿದ್ದದ್ದು ಒರಟಾದ ಒಂದು ಕಡ್ಡಿಯನ್ನು. ಆ ಕಡ್ಡಿ ನಮ್ಮ ಹಿತ್ತಲಿನಲ್ಲಿ ಬೇಕಾದಷ್ಟಿತ್ತು.

ಆದ್ದರಿಂದ ಮೊದಲಿನಿಂದ ನೋಡೋಣ. ನೀವು ಸಾಕಿರುವುದು ಹೆಣ್ಣೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಹೊಟ್ಟೆಯ ಕೆಳಮೈಯಲ್ಲಿ ಕಾಣುವ ಖಂಡಗಳನ್ನು ಎಣಿಸಿದರೆ ಹೆಣ್ಣಿಗೆ 6, ಗಂಡಿಗೆ 8 ಇರುತ್ತವೆ. ಹೆಣ್ಣಿನ ಕೊನೆಯ ಖಂಡ ಅಗಲವಾಗಿ ದೊಡ್ಡದಾಗಿರುತ್ತದೆ. ಗಂಡು ಸಪೂರವಾಗಿರುತ್ತದೆ, ಅದರ ಮೀಸೆ ಉದ್ದ. ಎರಡನೆಯದು, ಅದು ವಯಸ್ಕ ಹೌದೋ ಅಲ್ಲವೋ ಎಂಬುದು. ಹೈರೊಡುಲಾದಲ್ಲಿ ಹೊಟ್ಟೆಯನ್ನು ಮುಚ್ಚುವಷ್ಟು ಉದ್ದದ ರೆಕ್ಕೆ ಬಂದಿದ್ದರೆ ಅದು ವಯಸ್ಕ, ಇನ್ನು ಮುಂದೆ ಪೊರೆ ಕಳಚುವುದಿಲ್ಲ. ಬೆನ್ನ ಮೇಲೆ ಮೊಗ್ಗಿನಂತಹ ಗಿಡ್ಡ ರೆಕ್ಕೆಗಳಷ್ಟೇ ಇದ್ದು ಅವು ಉಬ್ಬಿಕೊಂಡಿದ್ದರೆ, ಊಟ ಬಿಟ್ಟಿರುವುದಕ್ಕೆ ಕಾರಣ ಮೊಟ್ಟೆಯಲ್ಲ, ಬರಲಿರುವ ಕೊನೆಯ ಪೊರೆ. ಈ ಎರಡನ್ನು ಗೊಂದಲ ಮಾಡಿಕೊಂಡರೆ ಅಪಾಯವಿದೆ. ಪೊರೆ ಕಳಚುತ್ತಿರುವ ಮಾಂಟಿಸ್ ತಲೆಕೆಳಗಾಗಿ ತೂಗುತ್ತಿರುವಾಗ ಪಂಜರದಲ್ಲಿ ಉಳಿದ ಒಂದು ಚಿಮ್ಮಂಡೆ ಅದನ್ನು ಕಚ್ಚಿ ಕೊಲ್ಲಬಲ್ಲದು. ಕೊನೆಯ ಪೊರೆ ಕಳಚಿದ ದಿನವನ್ನು ಪಂಜರದ ಮೇಲೆ ಒಂದು ಚೀಟಿ ಅಂಟಿಸಿ ಬರೆದಿಡಿ. ಮುಂದಿನ ಎಲ್ಲ ಲೆಕ್ಕವೂ ಆ ತಾರೀಖಿನಿಂದಲೇ ಶುರುವಾಗುತ್ತದೆ.

ಗಂಡನ್ನು ಕಂಡೇ ಇರದ ಹೆಣ್ಣು ಮೊಟ್ಟೆಯಿಡುತ್ತದೆಯೇ ಎಂದು ಅನೇಕರು ಅಚ್ಚರಿಪಡುತ್ತಾರೆ. ಫಾರಂ ಕೋಳಿ ಹುಂಜವಿಲ್ಲದೆ ಮೊಟ್ಟೆಯಿಡುವುದು ನಮಗೆ ಅಚ್ಚರಿಯೆನಿಸುವುದಿಲ್ಲ, ಇದೂ ಹಾಗೆಯೇ. ವಯಸ್ಕ ಹೆಣ್ಣಿನ ಅಂಡಾಶಯದಲ್ಲಿ ಮೊಟ್ಟೆಗಳು ಬಲಿಯುವುದಕ್ಕೆ ಬೇಕಾದದ್ದು ಆಹಾರ, ನೀರು ಮತ್ತು ಬೆಚ್ಚನೆಯ ವಾತಾವರಣ. ಬಲಿತ ಮೊಟ್ಟೆಗಳು ಹೊರಬರಲೇಬೇಕು. ಜೊತೆಗೂಡದ ಹೆಣ್ಣು ಇಡುವ ಗೂಡು ಹೊರನೋಟಕ್ಕೆ ಫಲಿತ ಗೂಡಿನಂತೆಯೇ ಇರುತ್ತದೆ, ಆದರೆ ಅದರಿಂದ ಮರಿಗಳು ಬರುವುದಿಲ್ಲ. ಇದಕ್ಕೆ ಅಪವಾದಗಳೂ ಇವೆ. ಅಮೆರಿಕದ ದಕ್ಷಿಣ ಭಾಗದ ಬ್ರುನೇರಿಯಾ ಬೋರಿಯಾಲಿಸ್ ಎಂಬ ಪ್ರಭೇದದಲ್ಲಿ ಗಂಡುಗಳೇ ಇಲ್ಲ, ಹೆಣ್ಣುಗಳೇ ಹೆಣ್ಣುಗಳನ್ನು ಹುಟ್ಟಿಸುತ್ತ ಬಂದಿವೆ. ಆಫ್ರಿಕದ ಮಯೋಮ್ಯಾಂಟಿಸ್ ಕಾಫ್ರಾ ಗಂಡಿದ್ದರೆ ಜೊತೆಗೂಡಿ, ಇಲ್ಲದಿದ್ದರೆ ಒಂಟಿಯಾಗಿಯೇ ಮರಿ ಪಡೆಯಬಲ್ಲದು. ನಿಮ್ಮ ಹೈರೊಡುಲಾದಿಂದ ಇದನ್ನು ನಿರೀಕ್ಷಿಸಬೇಡಿ.

ಮೊದಲ ಮೊಟ್ಟೆಗೂಡು ಸಾಮಾನ್ಯವಾಗಿ ಕೊನೆಯ ಪೊರೆ ಕಳಚಿದ 2ರಿಂದ 4 ವಾರಗಳಲ್ಲಿ ಬರುತ್ತದೆ. ಚಳಿಯ ಕೋಣೆಯಲ್ಲಿ, ಕಡಿಮೆ ಆಹಾರದಲ್ಲಿ ಅದು ಇನ್ನೂ ತಡವಾಗಬಹುದು. ಆ ಹೊತ್ತಿಗೆ ಹೊಟ್ಟೆ ಮೊದಲು ಉದ್ದಕ್ಕೆ, ಆಮೇಲೆ ಅಗಲಕ್ಕೆ ತುಂಬಿಕೊಂಡು, ಖಂಡಗಳ ನಡುವಿನ ಮೆತ್ತನೆಯ ಚರ್ಮ ಕಾಣುವಷ್ಟು ಹಿಗ್ಗಿ, ರೆಕ್ಕೆಗಳು ಅದರ ಎರಡೂ ಬದಿಗಳನ್ನು ಮುಚ್ಚಲಾರದೆ ಮೇಲಕ್ಕೆ ಎತ್ತಿದಂತೆ ಕಾಣುತ್ತವೆ. ಮೊಟ್ಟೆಯಿಡುವ ಒಂದೆರಡು ದಿನ ಮೊದಲು ನಡವಳಿಕೆ ಬದಲಾಗುತ್ತದೆ. ಕೆಲವು ಹೆಣ್ಣುಗಳು ಊಟವನ್ನು ಪೂರ್ತಿ ಬಿಡುತ್ತವೆ, ಕೆಲವು ಕೊನೆಯ ಗಳಿಗೆಯವರೆಗೂ ತಿನ್ನುತ್ತವೆ, ಆದ್ದರಿಂದ ಊಟವೊಂದನ್ನೇ ಗುರುತಾಗಿ ಹಿಡಿಯಬಾರದು. ಹೆಚ್ಚು ನಂಬಬಹುದಾದ ಗುರುತು ಹೊಟ್ಟೆಯ ತುದಿಯಲ್ಲಿದೆ. ನಡೆಯುತ್ತ ನಡೆಯುತ್ತ ಹೆಣ್ಣು ಒಂದು ಕಡ್ಡಿಯ ಮೇಲೆ ನಿಂತು, ಹೊಟ್ಟೆಯ ತುದಿಯನ್ನು ಬಾಗಿಸಿ ಆ ಕಡ್ಡಿಯನ್ನು ಮುಟ್ಟಿ ನೋಡುತ್ತದೆ, ಮುಂದೆ ಹೋಗುತ್ತದೆ, ಇನ್ನೊಂದು ಕಡೆ ಮತ್ತೆ ಮುಟ್ಟುತ್ತದೆ. ಕೊಳ್ಳುವ ಮೊದಲು ಸೀರೆಯ ಅಂಚನ್ನು ಬೆರಳಿನಿಂದ ತಡವಿ ನೋಡುವವರನ್ನು ಕಂಡಾಗಲೆಲ್ಲ ನನಗೆ ಈ ನೋಟ ನೆನಪಾಗುತ್ತದೆ. ಇದನ್ನು ಕಂಡಿರೆಂದರೆ ಇನ್ನು ಊಹೆ ಬೇಕಿಲ್ಲ.

ಈಗ ಮೊಟ್ಟೆಯಿಡುವ ಕೆಲಸವನ್ನೇ ನೋಡೋಣ, ಏಕೆಂದರೆ ಅದು ಹೇಗೆ ನಡೆಯುತ್ತದೆಂದು ತಿಳಿದರೆ ಹೆಣ್ಣು ಜಾಗದ ಬಗ್ಗೆ ಅಷ್ಟು ಹಟ ಹಿಡಿಯುವುದು ಏಕೆಂಬುದು ತಾನಾಗಿ ತಿಳಿಯುತ್ತದೆ. ಹೆಚ್ಚಾಗಿ ರಾತ್ರಿ ಇಲ್ಲವೆ ನಸುಕಿನಲ್ಲಿ, ಹೆಣ್ಣು ತಾನು ಆರಿಸಿದ ಕಡ್ಡಿಯಲ್ಲಿ ತಲೆ ಕೆಳಗಾಗಿ ಗಟ್ಟಿಯಾಗಿ ನಿಲ್ಲುತ್ತದೆ. ಹೊಟ್ಟೆಯೊಳಗಿನ ವಿಶೇಷ ಗ್ರಂಥಿಗಳಿಂದ ಅಂಟುದ್ರವ ಹೊರಬರುತ್ತದೆ. ಹೊಟ್ಟೆಯ ತುದಿಯಲ್ಲಿರುವ ಪುಟ್ಟ ಕವಾಟಗಳು ಒಂದೇ ಸಮನೆ ಬಡಿಯುತ್ತ ಅದರೊಳಗೆ ಗಾಳಿಯನ್ನು ಸೇರಿಸಿ, ಮೊಸರು ಕಡೆದಾಗ ಏಳುವ ನೊರೆಯಂತೆ ಉಬ್ಬಿಸುತ್ತವೆ. ಆ ನೊರೆಯ ಒಳಗೆ ಸಾಲು ಸಾಲಾಗಿ, ಪದರ ಪದರವಾಗಿ ಮೊಟ್ಟೆಗಳನ್ನು ಕೂರಿಸುತ್ತ, ತುದಿಯನ್ನು ಎಡಕ್ಕೂ ಬಲಕ್ಕೂ ಅರ್ಧಚಂದ್ರಾಕಾರವಾಗಿ ಆಡಿಸುತ್ತ, ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಮುಂದೆ ಸರಿಯುತ್ತದೆ. ಕೆಲಸ ಮುಗಿಯಲು ಹಲವು ಗಂಟೆಗಳು ಹಿಡಿಯುತ್ತವೆ. ಇಷ್ಟು ಹೊತ್ತೂ ಅದು ಒಮ್ಮೆಯೂ ಹಿಂತಿರುಗಿ ನೋಡುವುದಿಲ್ಲ. ಹೊಟ್ಟೆಯ ತುದಿಯ ಎರಡು ಸಣ್ಣ ಮೀಸೆಯಂತಹ ಅಂಗಗಳು ನೊರೆಯ ಅಂಚನ್ನು ಸವರುತ್ತ ಆಕಾರವನ್ನು ಅಳೆಯುತ್ತಿರುತ್ತವೆ. ಗಾಳಿಗೆ ಸಿಕ್ಕ ನೊರೆ ಮೊದಲು ಬಿಳಿಯಾಗಿಯೋ ಕೆನೆಬಣ್ಣವಾಗಿಯೋ ಇದ್ದು, ಕೆಲವು ಗಂಟೆಗಳಲ್ಲಿ ಕಂದುಬಣ್ಣಕ್ಕೆ ತಿರುಗಿ, ಒಣಗಿದ ಸ್ಪಂಜಿನಂತೆ ಗಟ್ಟಿಯಾಗುತ್ತದೆ.

ಫ್ರಾನ್ಸಿನ ದಕ್ಷಿಣದಲ್ಲಿ ಹಳ್ಳಿಯ ಮನೆಯೊಂದರ ಹಿತ್ತಲಿನಲ್ಲಿ ಕುಳಿತು ಕೀಟಗಳನ್ನು ಗಮನಿಸಿದ ಜಾನ್ ಆನ್ರಿ ಫ್ಯಾಬ್ರ್ ಈ ಕೆಲಸವನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬಹಳ ತಾಳ್ಮೆಯಿಂದ ವರ್ಣಿಸಿದ್ದಾರೆ. ಅಲ್ಲಿನ ಹಳ್ಳಿಗರು ಈ ಗೂಡನ್ನು ಚಳಿಗೆ ಬಿರಿದು ಊದಿದ ಕೈಕಾಲುಗಳಿಗೆ ಮದ್ದೆಂದು ಹಚ್ಚುತ್ತಿದ್ದರು. ಚೀನಾದ ಸಾಂಪ್ರದಾಯಿಕ ವೈದ್ಯದಲ್ಲಿಯೂ ಹಿಪ್ಪುನೇರಳೆ ಕೊಂಬೆಯ ಮೇಲಿನ ಮಾಂಟಿಸ್ ಗೂಡಿಗೆ ಸ್ಥಾನವಿದೆ. ಮಾಂಟಿಸ್‌ಗೆ ಅತಿ ಹತ್ತಿರದ ನೆಂಟರು ಜಿರಳೆಗಳು ಮತ್ತು ಗೆದ್ದಲುಗಳು ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಅಡುಗೆಮನೆಯ ಮೂಲೆಯಲ್ಲಿ ನೀವು ಕಂಡಿರುವ, ಹುರುಳಿಕಾಳಿಗಿಂತ ಸ್ವಲ್ಪ ದೊಡ್ಡದಾದ ಜಿರಳೆಯ ಮೊಟ್ಟೆಕೋಶವೂ ಇಂಥದೇ ಗ್ರಂಥಿಗಳ ಕೆಲಸ. ಜಿರಳೆ ಅದನ್ನು ಪೆಟ್ಟಿಗೆಯಾಗಿಸಿತು, ಮಾಂಟಿಸ್ ನೊರೆಯಾಗಿಸಿತು.

ಗಂಟೆಗಟ್ಟಲೆ ಮೈಭಾರವನ್ನು ಕಾಲುಗಳ ಮೇಲೆ ಹೊತ್ತು ನಿಲ್ಲಬೇಕಾದ ಜೀವಿಗೆ ಹಿಡಿತ ಬೇಕು; ತಿಂಗಳುಗಟ್ಟಲೆ ಗಾಳಿಗೂ ಮಳೆಗೂ ಉದುರದೆ ನಿಲ್ಲಬೇಕಾದ ಗೂಡಿಗೆ ಒರಟು ಮೈ ಬೇಕು; ಹೊರಬರುವ ಮರಿಗಳು ಜೋತುಬೀಳಲು ಕೆಳಗೆ ಖಾಲಿ ಜಾಗ ಬೇಕು. ಗಾಜಿನ ಭರಣಿಯಲ್ಲಿ, ನುಣುಪಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಈ ಮೂರೂ ಇರುವುದಿಲ್ಲ. ಆದ್ದರಿಂದ ಅದು ಸುತ್ತುತ್ತದೆ, ಮೂಲೆಗಳನ್ನು ಪರೀಕ್ಷಿಸುತ್ತದೆ, ಮತ್ತೆ ಸುತ್ತುತ್ತದೆ.

ಎಲ್ಲ ಚಡಪಡಿಕೆಯೂ ಮೊಟ್ಟೆಯದಲ್ಲ. ಚಡಪಡಿಕೆಯಂತೆ ಕಂಡರೂ ಚಡಪಡಿಕೆಯಲ್ಲದ ಚಲನೆಗಳಿವೆ. ಮಾಂಟಿಸ್ ನಿಂತಲ್ಲಿಯೇ ಗಾಳಿಗೆ ಆಡುವ ಎಲೆಯಂತೆ ತೂಗುತ್ತಿದ್ದರೆ ಅದು ಮರೆಯಾಗುವ ಉಪಾಯ; ತಲೆಯನ್ನೂ ಎದೆಯನ್ನೂ ಎಡಬಲಕ್ಕೆ ಅಳತೆಯಿಂದ ಸರಿಸುತ್ತಿದ್ದರೆ ಅದು ಎದುರಿನ ವಸ್ತು ಎಷ್ಟು ದೂರದಲ್ಲಿದೆಯೆಂದು ಲೆಕ್ಕಹಾಕುತ್ತಿದೆ. ಹಸಿದ ಹೆಣ್ಣು ಓಡಾಡುತ್ತದೆ, ಆದರೆ ಅದರ ಹೊಟ್ಟೆ ಚಪ್ಪಟೆಯಾಗಿರುತ್ತದೆ ಮತ್ತು ಹುಳ ಕಂಡ ತಕ್ಷಣ ತಲೆ ಅತ್ತ ತಿರುಗುತ್ತದೆ. ಬಾಯಾರಿದ ಹೆಣ್ಣು ಜಾಲರಿಯ ಮೇಲೆ ನೀರು ಸಿಂಪಡಿಸಿದ ಕೂಡಲೇ ಹನಿಗೆ ಬಾಯಿ ಹಚ್ಚಿ ಬಹಳ ಹೊತ್ತು ಕುಡಿಯುತ್ತದೆ, ಆಮೇಲೆ ಶಾಂತವಾಗುತ್ತದೆ. ಈ ಒಂದು ಪರೀಕ್ಷೆಯನ್ನು ಎಲ್ಲಕ್ಕಿಂತ ಮೊದಲು ಮಾಡಬೇಕು, ಖರ್ಚಿಲ್ಲ, ಹಾನಿಯಿಲ್ಲ. ಕಿಟಕಿಯ ಬಿಸಿಲು ನೇರವಾಗಿ ಬೀಳುವ ಪಂಜರದಲ್ಲಿ ಹೆಣ್ಣು ನೆರಳನ್ನು ಹುಡುಕಿ ಕೆಳಕ್ಕೆ ಇಳಿಯುತ್ತದೆ. ಗಾಜಿನ ಅಥವಾ ಗಟ್ಟಿ ಪ್ಲಾಸ್ಟಿಕ್‌ನ ಗೋಡೆಯಾದರೆ ಹೊರಗೆ ಹೋಗಲು ಯತ್ನಿಸುತ್ತ ಮುಖವನ್ನು ಗೋಡೆಗೆ ಉಜ್ಜಿ ಉಜ್ಜಿ ಕಣ್ಣಿನ ಮೇಲೆ ಕಪ್ಪು ಗಾಯ ಮಾಡಿಕೊಳ್ಳುವುದೂ ಉಂಟು. ಇದನ್ನು ಮಾಂಟಿಸ್‌ನ ಕಣ್ಣಿನಲ್ಲಿ ಸದಾ ನಮ್ಮತ್ತಲೇ ತಿರುಗಿದಂತೆ ಕಾಣುವ ಕಪ್ಪು ಚುಕ್ಕೆಯೊಡನೆ ಬೆರೆಸಬೇಡಿ. ಆ ಚುಕ್ಕೆ ನೋಡುವ ಕೋನದೊಡನೆ ಜಾಗ ಬದಲಿಸುತ್ತದೆ, ಗಾಯ ಬದಲಿಸುವುದಿಲ್ಲ. ರಾತ್ರಿ ಇಡೀ ಕಣ್ಣು ಕಪ್ಪಾಗುವುದೂ ಸಹಜವೇ.

ಗಂಡು ಬೇಕಾದ ಹೆಣ್ಣು ಓಡಾಡುತ್ತದೆಯೆಂಬುದು ಜನಪ್ರಿಯವಾದ ಊಹೆ. ಅದು ಹೆಚ್ಚಾಗಿ ತಲೆಕೆಳಗಾದ ಊಹೆ. ಮಾಂಟಿಸ್‌ಗಳಲ್ಲಿ ಹುಡುಕಿಕೊಂಡು ಹೋಗುವುದು ಗಂಡು. ಹಗುರ ಮೈ, ಹಾರಬಲ್ಲ ರೆಕ್ಕೆ, ಉದ್ದ ಮೀಸೆ ಇವೆಲ್ಲ ಅದಕ್ಕಾಗಿಯೇ ಇವೆ. ಹಲವು ಪ್ರಭೇದಗಳಲ್ಲಿ ಹೆಣ್ಣು ಮಾಡುವುದು ಒಂದೇ ಕಡೆ ನಿಶ್ಚಲವಾಗಿ ತೂಗಿಕೊಂಡು, ಹೊಟ್ಟೆಯನ್ನು ರೆಕ್ಕೆಗಳಿಂದ ದೂರಕ್ಕೆ ಬಾಗಿಸಿ, ಗಾಳಿಗೆ ವಾಸನೆಯ ಸಂದೇಶ ಬಿಡುವುದು. ಸಂಜೆಯೋ ರಾತ್ರಿಯೋ ಹೀಗೆ ಬಾಗಿ ನಿಂತ ಹೆಣ್ಣನ್ನು ಕಂಡರೆ ಅದಕ್ಕೆ ನೋವಾಗಿದೆಯೆಂದು ಹೆದರಬೇಕಿಲ್ಲ.

ಹೊರಗಿನಿಂದ ಹಿಡಿದು ತಂದ ಹೆಣ್ಣಿನ ವಿಷಯದಲ್ಲಿ ಇನ್ನೊಂದು ಸಾಧ್ಯತೆಯನ್ನು ನಾನು ಹೇಳಲೇಬೇಕು. ಹೊಟ್ಟೆ ದಪ್ಪಗಿದೆ, ಓಡಾಟವಿದೆ, ವಾರಗಳು ಕಳೆದರೂ ಗೂಡು ಮಾತ್ರ ಬರುವುದಿಲ್ಲ. ಅಂಥ ಹೊಟ್ಟೆಯಲ್ಲಿ ಕೆಲವೊಮ್ಮೆ ಮೊಟ್ಟೆಗಳ ಬದಲು ಕುದುರೆಕೂದಲ ಹುಳು ಸುರುಳಿ ಸುತ್ತಿಕೊಂಡಿರುತ್ತದೆ. ಈ ಪರಾವಲಂಬಿ ನೀರಿನಲ್ಲಿ ಹುಟ್ಟಿ, ನೀರಿನ ಸಣ್ಣ ಕೀಟಗಳ ಮೂಲಕ ಮಾಂಟಿಸ್‌ನ ಹೊಟ್ಟೆ ಸೇರಿ, ಅಲ್ಲಿ ಅಡಿಗಟ್ಟಲೆ ಬೆಳೆಯಬಲ್ಲದು; ಅದು ತಿಂದುಳಿದ ಪೋಷಣೆಯಲ್ಲಿ ಅಂಡಾಶಯ ಬೆಳೆಯುವುದೇ ಇಲ್ಲ. ಬೆಳೆದ ಹುಳು ಮತ್ತೆ ನೀರಿಗೆ ಹೋಗಬೇಕು, ಅದಕ್ಕಾಗಿ ಮಾಂಟಿಸ್‌ನ ನಡವಳಿಕೆಯನ್ನೇ ಬದಲಿಸುತ್ತದೆ. ಜಪಾನಿನ ಸಂಶೋಧಕರು 2021ರಲ್ಲಿ ಹೈರೊಡುಲಾ ಕುಲದ ಮಾಂಟಿಸ್‌ಗಳ ಮೇಲೆಯೇ ಮಾಡಿದ ಅಧ್ಯಯನದಲ್ಲಿ, ಹುಳು ಸೇರಿದ ಮಾಂಟಿಸ್‌ಗಳು ನೀರಿನ ಮೈಯಿಂದ ಪ್ರತಿಫಲಿಸುವ ಅಡ್ಡ ಧ್ರುವೀಕರಣದ (ಅಲೆಗಳು ಅಡ್ಡಲಾಗಿಯೇ ಕಂಪಿಸುವ) ಬೆಳಕಿನತ್ತ ಸೆಳೆಯಲ್ಪಟ್ಟು ನೀರಿಗೆ ಇಳಿಯುತ್ತವೆಂದು ತೋರಿಸಿದರು. ಸಾಕಿದ ಮರಿಯಿಂದ ಬೆಳೆಸಿದ ಹೆಣ್ಣಿಗೆ ಈ ಭಯ ಬಹುತೇಕ ಇಲ್ಲ. ಹಿಡಿದು ತಂದದ್ದು ಮತ್ತೆ ಮತ್ತೆ ನೀರಿನ ಬಟ್ಟಲಿನತ್ತಲೇ ಹೋಗುತ್ತಿದ್ದರೆ ಇದನ್ನು ನೆನಪಿಸಿಕೊಳ್ಳಿ. ನಾವು ಮಾಡಬಹುದಾದ ಚಿಕಿತ್ಸೆ ಇಲ್ಲ. ಈ ಹುಳು ಮನುಷ್ಯರ ಮೈಯಲ್ಲಿ ಬೆಳೆಯುವಂಥದ್ದೂ ಅಲ್ಲ.

ಈಗ ಪಂಜರಕ್ಕೆ ಬರೋಣ. ಪಂಜರದ ಎತ್ತರ ಮಾಂಟಿಸ್‌ನ ಉದ್ದದ ಮೂರು ಪಟ್ಟಾದರೂ, ಅಗಲ ಎರಡು ಪಟ್ಟಾದರೂ ಇರಬೇಕು. ಹೈರೊಡುಲಾ ಹೆಣ್ಣಿಗೆ ಒಂದು ಅಡಿ ಎತ್ತರದ, ಸುತ್ತಲೂ ಮೆತ್ತನೆಯ ಬಲೆಬಟ್ಟೆಯ ಪಂಜರ ಸಾಕು. ಕೊನೆಯ ಪೊರೆ ಕಳಚಿ ಹತ್ತು ದಿನಗಳಾದ ಮೇಲೆ ಬೆರಳಿನಷ್ಟು ದಪ್ಪದ ಎರಡು ಮೂರು ಒಣ ಕಡ್ಡಿಗಳನ್ನು ಒಳಗಿಡಿ. ಒಂದು ನೆಟ್ಟಗೆ, ಒಂದು ಓರೆಯಾಗಿ, ಒಂದು ಮೇಲ್ಭಾಗದಲ್ಲಿ ಅಡ್ಡಲಾಗಿ ಇರಲಿ; ಯಾವುದು ಬೇಕೆಂಬುದನ್ನು ಹೆಣ್ಣೇ ಆರಿಸಿಕೊಳ್ಳಲಿ. ಸೀಬೆ, ದಾಸವಾಳ, ಮಾವು, ತೊಗಟೆ ಒರಟಾಗಿರುವ ಯಾವುದಾದರೂ ಆಗುತ್ತದೆ, ಆದರೆ ಕೀಟನಾಶಕ ಸಿಂಪಡಿಸಿದ ತೋಟದಿಂದ ತರಬೇಡಿ. ಇಷ್ಟೆಲ್ಲ ಮಾಡಿದರೂ ಕೆಲವು ಹೆಣ್ಣುಗಳು ಪಂಜರದ ಚಾವಣಿಗೇ ಮೊಟ್ಟೆಯಿಡುತ್ತವೆ, ಇನ್ನು ಕೆಲವು ಬಾಗಿಲಿನ ಜಿಪ್ಪಿಗೆ ಸರಿಯಾಗಿ ಅಡ್ಡಲಾಗಿ. ಜಿಪ್ಪಿನ ಮೇಲೆ ಬಿದ್ದ ಗೂಡನ್ನು ಅವಸರದಲ್ಲಿ ಕೀಳಲು ಹೋಗಿ ಹಾಳು ಮಾಡಿದವರನ್ನು ನಾನು ಬಲ್ಲೆ. ಎರಡು ದಿನ ಒಣಗಲು ಬಿಡಿ, ಆಮೇಲೆ ತೆಳುವಾದ ಬ್ಲೇಡಿನಿಂದ ತಳವನ್ನು ಮೆಲ್ಲಗೆ ಬಿಡಿಸಿ, ಅಥವಾ ಸುತ್ತಲಿನ ಬಟ್ಟೆಯನ್ನೇ ಕತ್ತರಿಸಿ ತೆಗೆದು ಆ ಜಾಗಕ್ಕೆ ತೇಪೆ ಹಾಕಿ.

ಮೊಟ್ಟೆಯಿಡುತ್ತಿರುವಾಗ ದೀಪ ಹಾಕಿ ಫೋಟೊ ತೆಗೆಯುವುದು, ಪಂಜರವನ್ನು ಎತ್ತಿ ಜನರಿಗೆ ತೋರಿಸುವುದು ಬೇಡ. ಬೆದರಿದ ಹೆಣ್ಣು ಅರ್ಧಕ್ಕೆ ನಿಲ್ಲಿಸಿಬಿಡಬಹುದು, ಉಳಿದ ಮೊಟ್ಟೆಗಳನ್ನು ಇನ್ನೆಲ್ಲೋ ತುಣುಕು ತುಣುಕಾಗಿ ಇಡಬಹುದು.

ಮೊಟ್ಟೆಯಿಡಲಾಗದೆ ಹೊಟ್ಟೆಯಲ್ಲಿಯೇ ಉಳಿಯುವುದು ನಿಜವಾದ ಅಪಾಯ. ಹೊಟ್ಟೆ ವಿಪರೀತ ಊದಿಕೊಂಡು, ದಿನಗಟ್ಟಲೆ ಓಡಾಡಿದ ಮೇಲೆ ಹೆಣ್ಣು ಕ್ರಮೇಣ ಮಂಕಾಗಿ, ಪಂಜರದ ತಳದಲ್ಲಿ ಕೂರಲು ತೊಡಗುತ್ತದೆ. ಚಡಪಡಿಕೆ ನಿಂತಿತೆಂದು ನಾವು ನೆಮ್ಮದಿಪಡುವ ಹೊತ್ತು ಅದೇ ಆಗಿರುವುದರಿಂದ ನಾನು ಇದನ್ನು ಒತ್ತಿ ಹೇಳುತ್ತಿದ್ದೇನೆ. ಒಣ ಗಾಳಿ, ನೀರಿನ ಕೊರತೆ, ಚಳಿ, ಸರಿಯಾದ ಜಾಗವಿಲ್ಲದಿರುವುದು, ಅತಿಯಾದ ಆಹಾರ ಇವು ಸಾಮಾನ್ಯ ಕಾರಣಗಳು. ಕೋಣೆಯನ್ನು 26ರಿಂದ 28 ಡಿಗ್ರಿಯಷ್ಟು ಬೆಚ್ಚಗಿಡಿ, ದಿನಕ್ಕೆ ಎರಡು ಸಲ ನೀರು ಸಿಂಪಡಿಸಿ ಕುಡಿಯಲು ಬಿಡಿ, ಹೊಸ ಕಡ್ಡಿಗಳನ್ನು ಇಡಿ, ಆಹಾರವನ್ನು ನಿಲ್ಲಿಸಿ, ಪಂಜರಕ್ಕೆ ಒಂದು ಬದಿಯಿಂದ ಬಟ್ಟೆ ಮುಚ್ಚಿ ಏಕಾಂತ ಕೊಡಿ. ಹೊಟ್ಟೆಯನ್ನು ಒತ್ತಿ ಮೊಟ್ಟೆ ಹೊರತೆಗೆಯುವ ಸಾಹಸಕ್ಕೆ ಎಂದಿಗೂ ಕೈಹಾಕಬೇಡಿ. ಆ ಚರ್ಮ ಹರಿದರೆ ಮತ್ತೆ ಕೂಡುವುದಿಲ್ಲ. ನನ್ನ ಕೈಯಲ್ಲಿ ಹೀಗೆ ಸಿಕ್ಕಿಕೊಂಡ ಹೆಣ್ಣುಗಳಲ್ಲಿ ಕೆಲವು ಬೆಚ್ಚನೆಯ, ತೇವದ ಎರಡು ರಾತ್ರಿಗಳಲ್ಲಿಯೇ ಗೂಡು ಕಟ್ಟಿವೆ, ಕೆಲವು ಉಳಿಯಲಿಲ್ಲ.

ಆಹಾರದ ಮಾತು ಬಂದದ್ದರಿಂದ ಒಂದು ಸಂಗತಿ. ಗಂಡನ್ನು ಹೆಣ್ಣು ತಿನ್ನುವ ಕಥೆಯನ್ನು ನೀವೆಲ್ಲರೂ ಕೇಳಿದ್ದೀರಿ. ಚೀನಾ ಮಾಂಟಿಸ್‌ನ ಮೇಲೆ ವಿಲಿಯಂ ಬ್ರೌನ್ ಮತ್ತು ಕ್ಯಾಥರೀನ್ ಬ್ಯಾರಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಂಡನ್ನು ತಿಂದ ಹೆಣ್ಣುಗಳು ಸರಾಸರಿ 88ರಷ್ಟು ಮೊಟ್ಟೆಗಳನ್ನೂ ತಿನ್ನದವು ಸರಾಸರಿ 37ರಿಂದ 38ರಷ್ಟನ್ನೂ ಇಟ್ಟವು. ಗಂಡಿನ ಮೈಯ ಪೋಷಕಾಂಶ ಮೊಟ್ಟೆಗಳಿಗೇ ಹೋದದ್ದನ್ನು ಅವರು ಗುರುತು ಹಾಕಿದ ಅಮೈನೋ ಆಮ್ಲಗಳ ಮೂಲಕ ಪತ್ತೆಹಚ್ಚಿದರು. ಒಂದು ಊಟ ಮೊಟ್ಟೆಗಳ ಸಂಖ್ಯೆಯನ್ನು ಎಷ್ಟು ಬದಲಿಸಬಲ್ಲದೆಂಬುದು ಸಾಕುವವರಿಗೆ ಇದರಿಂದ ತಿಳಿಯುತ್ತದೆ. ಜೊತೆಗೂಡಿಸುವ ಉದ್ದೇಶವಿದ್ದರೆ ಹೆಣ್ಣಿಗೆ ಮೊದಲೇ ಹೊಟ್ಟೆ ತುಂಬ ಊಟ ಕೊಡಿ, ಗಂಡಿನ ಜೀವ ಉಳಿಯುವ ಸಂಭವ ಹೆಚ್ಚು. ಜೊತೆಗೂಡದ ಹೆಣ್ಣಿಗೆ ಮಾತ್ರ ದಿನವೂ ತುಂಬಿಸುವುದು ಸರಿಯಲ್ಲ. ಅದು ಬೇಡುತ್ತದೆಯೆಂದು ಕೊಡುತ್ತ ಹೋದರೆ ಮೊಟ್ಟೆಗಳ ಮೇಲೆ ಮೊಟ್ಟೆಗಳು ಬಲಿತು, ಗೂಡುಗಳ ನಡುವಿನ ಅಂತರ ಕಡಿಮೆಯಾಗಿ, ಹೆಣ್ಣು ಬೇಗನೆ ಸೊರಗುತ್ತದೆ. ಎರಡು ಮೂರು ದಿನಕ್ಕೊಮ್ಮೆ ಒಂದು ಮಧ್ಯಮ ಗಾತ್ರದ ಹುಳ, ಹೊಟ್ಟೆ ದುಂಡಗಿದ್ದರೆ ಇನ್ನೂ ಒಂದು ದಿನ ತಡ, ಇದು ನಾನು ಪಾಲಿಸುವ ಕ್ರಮ.

ಗೂಡು ಕಟ್ಟಿ ಮುಗಿಸಿದ ಹೆಣ್ಣು ಮೊದಲ ನೋಟಕ್ಕೆ ಗಾಬರಿ ಹುಟ್ಟಿಸುತ್ತದೆ. ಹಿಂದಿನ ದಿನ ದುಂಡಗಿದ್ದ ಹೊಟ್ಟೆ ಖಾಲಿ ಚೀಲದಂತೆ ಜೋತುಬಿದ್ದಿರುತ್ತದೆ. ಮೊದಲು ನೀರು, ಒಂದೆರಡು ಗಂಟೆಯ ನಂತರ ಊಟ. ಅಂದು ಅದು ತಿನ್ನುವಷ್ಟು ಹಸಿವಿನಿಂದ ಬೇರೆ ಯಾವ ದಿನವೂ ತಿನ್ನುವುದಿಲ್ಲ. ತಾನು ಕಟ್ಟಿದ ಗೂಡಿನತ್ತ ಅದು ಮತ್ತೆ ತಿರುಗಿ ನೋಡುವುದಿಲ್ಲ. ಆಫ್ರಿಕದ ಟ್ಯಾರಕೋಡಿಸ್ ಕುಲದ ತಾಯಂದಿರು ಗೂಡಿನ ಮೇಲೆಯೇ ಕುಳಿತು ಕಾಯುತ್ತವೆ, ಆದರೆ ನಮ್ಮ ಹೈರೊಡುಲಾ ಹಾಗೆ ಮಾಡುವುದಿಲ್ಲ. ಎರಡು ಮೂರು ವಾರಗಳಲ್ಲಿ ಮತ್ತೆ ಹೊಟ್ಟೆ ತುಂಬುತ್ತದೆ, ಮತ್ತೆ ಓಡಾಟ ಶುರುವಾಗುತ್ತದೆ. ಒಮ್ಮೆ ಜೊತೆಗೂಡಿದ ಹೆಣ್ಣು ಗಂಡಿನ ವೀರ್ಯವನ್ನು ಒಳಗೆ ಕಾಪಿಟ್ಟುಕೊಂಡು ಹಲವು ಫಲಿತ ಗೂಡುಗಳನ್ನು ಇಡಬಲ್ಲದು. ಕೊನೆಕೊನೆಯ ಗೂಡುಗಳು ಚಿಕ್ಕದಾಗುತ್ತ, ಅಂಕುಡೊಂಕಾಗುತ್ತ ಹೋಗುತ್ತವೆ. ಆ ಹೊತ್ತಿಗೆ ಕಾಲಿನ ತುದಿಗಳು ಸವೆದು ಹಿಡಿತ ತಪ್ಪುತ್ತಿರುತ್ತದೆ. ಪಂಜರದ ತಳಕ್ಕೆ ಮೆತ್ತನೆಯ ಬಟ್ಟೆ ಹಾಸಿ, ಕಡ್ಡಿಗಳನ್ನು ತಗ್ಗಿಸಿ, ಹುಳವನ್ನು ಚಿಮುಟದಿಂದ ಹಿಡಿದು ಬಾಯಿಯ ಹತ್ತಿರ ಕೊಡಿ. ಇದು ರೋಗವಲ್ಲ, ವಯಸ್ಸು.

ಗೂಡುಗಳನ್ನು ಏನು ಮಾಡಬೇಕೆಂಬುದಕ್ಕೆ ಉತ್ತರ, ತಾಯಿ ಯಾರು ಮತ್ತು ಎಲ್ಲಿಯದು ಎಂಬುದರ ಮೇಲೆ ನಿಂತಿದೆ. ಜೊತೆಗೂಡದ ಹೆಣ್ಣಿನದಾದರೆ ಇಟ್ಟುಕೊಳ್ಳಿ, ಮಕ್ಕಳಿಗೆ ಅಡ್ಡಕ್ಕೆ ಕತ್ತರಿಸಿ ಒಳಗಿನ ಕೋಣೆಗಳನ್ನು ತೋರಿಸಿ. ಹೊರಗಿನಿಂದ ತಂದ ಹೆಣ್ಣು ಆಗಲೇ ಜೊತೆಗೂಡಿರುವ ಸಾಧ್ಯತೆ ಇರುವುದರಿಂದ ಅದರ ಗೂಡನ್ನು ಫಲಿತವೆಂದೇ ಭಾವಿಸಿ. ಕೊಂಬೆಯಿಂದ ಕಿತ್ತು ತಂದ ಗೂಡಿನಿಂದ ಮರಿಗಳ ಬದಲು ಉದ್ದ ಬಾಲದ ಸೂಜಿಯಂತಹ ಅಂಗವಿರುವ ಪುಟ್ಟ ಕಣಜಗಳು ಹೊರಬಂದರೆ, ಅವು ಪೊಡಾಗ್ರಿಯಾನ್ ಕುಲದವು. ಮಾಂಟಿಸ್ ಗೂಡಿನೊಳಗೆ ತಮ್ಮ ಮೊಟ್ಟೆ ತೂರಿಸುವುದೇ ಅವುಗಳ ಬದುಕು. ಬೇರೆ ದೇಶದ ಪ್ರಭೇದದ ಗೂಡನ್ನಾಗಲಿ ಮರಿಗಳನ್ನಾಗಲಿ ತೋಟಕ್ಕೆ ಬಿಡಲೇಬಾರದು. ಆಫ್ರಿಕದ ಮಯೋಮ್ಯಾಂಟಿಸ್ ಕಾಫ್ರಾ 1978ರಲ್ಲಿ ನ್ಯೂಜಿಲೆಂಡಿನಲ್ಲಿ ಕಾಣಿಸಿಕೊಂಡು ಹರಡಿತು. ಅಲ್ಲಿನ ಮೂಲ ಮಾಂಟಿಸ್‌ನ ಗಂಡುಗಳು ಈ ಹೊಸಬರ ವಾಸನೆಗೆ ಮರುಳಾಗಿ ಹತ್ತಿರ ಹೋಗಿ ಆಹಾರವಾಗುತ್ತಿವೆ. ಒಂದು ಕೈಬೆರಳಿನ ಗಾತ್ರದ ಗೂಡಿನಿಂದ ಶುರುವಾಗಬಹುದಾದ ಹಾನಿ ಅದು.

ಸ್ಥಳೀಯ ಹೆಣ್ಣಿನ ಫಲಿತ ಗೂಡಾದರೆ, ಅದು ಹೇಗೆ ಅಂಟಿತ್ತೋ ಅದೇ ದಿಕ್ಕಿನಲ್ಲಿ, ಬೇರೊಂದು ಬಲೆಪಂಜರದ ಮೇಲ್ಭಾಗದಲ್ಲಿ ದಾರದಿಂದ ಕಟ್ಟಿ. ಕೆಳಗೆ ಕನಿಷ್ಠ ಒಂದು ಗೇಣು ಖಾಲಿ ಜಾಗವಿರಲಿ. ವಾರಕ್ಕೆ ಎರಡು ಸಲ ಲಘುವಾಗಿ ನೀರು ಸಿಂಪಡಿಸಿ, ಒದ್ದೆಯಾಗಿಯೇ ಉಳಿದರೆ ಬೂಷ್ಟು ಹಿಡಿಯುತ್ತದೆ. ನಮ್ಮ ಬೆಚ್ಚನೆಯ ಕೋಣೆಗಳಲ್ಲಿ ಸಾಮಾನ್ಯವಾಗಿ ಒಂದರಿಂದ ಎರಡು ತಿಂಗಳೊಳಗೆ, ಹೆಚ್ಚಾಗಿ ಬೆಳಗಿನ ಹೊತ್ತು, ಮರಿಗಳು ಒಟ್ಟಿಗೆ ಹೊರಬರುತ್ತವೆ. ಮೊದಲು ಸಣ್ಣ ಹುಳಗಳಂತೆ ಜಾರಿ ಇಳಿದು, ತೆಳುವಾದ ಎಳೆಗಳಲ್ಲಿ ಗೊಂಚಲಾಗಿ ಜೋತುಬಿದ್ದು, ಆ ಕ್ಷಣದಲ್ಲಿಯೇ ಮೊದಲ ಪೊರೆಯನ್ನು ಕಳಚಿ ಕಾಲುಗಳನ್ನು ಬಿಚ್ಚುತ್ತವೆ. ನೂರಕ್ಕೂ ಹೆಚ್ಚು ಮರಿಗಳನ್ನು ಯಾರೂ ಸಾಕಲಾರರು. ಹತ್ತನ್ನು ಇಟ್ಟುಕೊಂಡು ಉಳಿದವನ್ನು ಅಂದೇ ಸಂಜೆ, ತಾಯಿಯನ್ನು ಯಾವ ಗಿಡದಿಂದ ತಂದಿದ್ದೆವೋ ಆ ಗಿಡದ ಸುತ್ತಮುತ್ತಲಿನ ಪೊದೆಗಳಿಗೆ, ಒಂದೊಂದು ಪೊದೆಗೆ ನಾಲ್ಕೈದರಂತೆ ಹಂಚಿ ಬಿಡುತ್ತೇನೆ.